ಉಪ್ಪುನೀರಿನ ಅಕ್ವೇರಿಯಂ: ಕಡಿಮೆ ಖರ್ಚಲ್ಲಿ ಶುರು ಮಾಡೋದು ಹೇಗೆ? ಮೀನು ತರುವ ಮೊದಲು ಒಂದೂವರೆ ತಿಂಗಳು ಕಾದರೆ ಅರ್ಧ ಗೆದ್ದಂತೆ

ಬಟ್ಟೆ ಅಂಗಡಿ, ಮೊಬೈಲ್ ಅಂಗಡಿ, ಹೋಟೆಲ್, ಕ್ಲಿನಿಕ್ ಹೀಗೆ ಪೇಟೆಯ ಹಲವು ಕಡೆ ಕೌಂಟರ್ ಪಕ್ಕ ಮೀನಿನ ಟ್ಯಾಂಕ್ ಕಾಣುತ್ತದೆ. ಹೆಚ್ಚಿನವು ಸಿಹಿನೀರಿನವು. ಗೋಲ್ಡ್ ಫಿಶ್, ಗಪ್ಪಿ, ಏಂಜಲ್ ಸಾಕಿ ರೂಢಿಯಾದವರಿಗೆ ಮುಂದಿನ ಆಸೆ ಸಮುದ್ರದ ಮೀನಿನದ್ದು. ಅದರಲ್ಲೂ ಮಕ್ಕಳು ‘ನೀಮೋ’ ಅಂತ ಕರೆಯುವ, ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಕ್ಲೌನ್ ಫಿಶ್ ಬೇಕೇ ಬೇಕು.

ಹೆಚ್ಚಿನವರ ಮೊದಲ ಪ್ರಯತ್ನ ಒಂದೇ ರೀತಿ ಮುಗಿಯುತ್ತದೆ. ಭಾನುವಾರ ಟ್ಯಾಂಕ್ ಇಟ್ಟು ಉಪ್ಪುನೀರು ತುಂಬಿಸುತ್ತಾರೆ. ನೀರು ಕನ್ನಡಿಯಂತೆ ತಿಳಿಯಾಗಿರುತ್ತದೆ. ಸೋಮವಾರ ಮೀನು ಬರುತ್ತದೆ. ಗುರುವಾರದ ಹೊತ್ತಿಗೆ ಮೀನು ಮೇಲೆ ಬಂದು ಏದುಸಿರು ಬಿಡುತ್ತದೆ, ಶನಿವಾರ ಟ್ಯಾಂಕ್ ಖಾಲಿ. ಆಮೇಲೆ ‘ಉಪ್ಪು ಸರಿ ಇರಲಿಲ್ಲ’, ‘ಅಂಗಡಿಯವ ರೋಗದ ಮೀನು ಕೊಟ್ಟ’ ಎಂಬ ಮಾತು. ನಿಜವಾದ ಕಾರಣ ಹೆಚ್ಚಿನ ಸಲ ಎರಡೂ ಅಲ್ಲ. ಟ್ಯಾಂಕ್ ಇನ್ನೂ ಮೀನು ಸಾಕಲು ತಯಾರಾಗಿರಲಿಲ್ಲ, ಅಷ್ಟೇ. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲ ಕ್ಲೌನ್ ಫಿಶ್ ಹತ್ತು ದಿನವೂ ಬಾಳದೆ ಹೋಗುತ್ತದೆ.

ಟ್ಯಾಂಕನ್ನು ತಯಾರು ಮಾಡುವ ಈ ಕೆಲಸಕ್ಕೆ ‘ಸೈಕ್ಲಿಂಗ್’ ಅನ್ನುತ್ತಾರೆ. ಇದಕ್ಕೆ ದೊಡ್ಡ ಖರ್ಚಿಲ್ಲ, ಸಮಯ ಮಾತ್ರ ಬೇಕು.

ಸೈಕ್ಲಿಂಗ್ ಅಂದ್ರೆ ಏನು?

ಮೀನಿನ ಕಿವಿರಿನಿಂದ, ಹಿಕ್ಕೆಯಿಂದ, ತಿನ್ನದೆ ಉಳಿದ ಆಹಾರದಿಂದ ನೀರಿಗೆ ಅಮೋನಿಯಾ ಸೇರುತ್ತಲೇ ಇರುತ್ತದೆ. ಇದು ಮೀನಿಗೆ ವಿಷ. ಸಮುದ್ರದಲ್ಲಿ ನೀರು ಅಪಾರ, ಅಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ. ಎಪ್ಪತ್ತು ಲೀಟರ್ ಟ್ಯಾಂಕಿನಲ್ಲಿ ಹಾಗಲ್ಲ.

ಇಲ್ಲಿ ನೆರವಿಗೆ ಬರುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಆಗಿ ಬದಲಿಸುತ್ತದೆ. ಇನ್ನೊಂದು ಗುಂಪು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟು ಅಪಾಯಕಾರಿಯಲ್ಲ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಹಿಡಿತದಲ್ಲಿರುತ್ತದೆ. ಈ ಬ್ಯಾಕ್ಟೀರಿಯಾ ಹೆಚ್ಚಾಗಿ ನೀರಿನಲ್ಲಿ ತೇಲಿಕೊಂಡು ಇರುವುದಿಲ್ಲ. ಕಲ್ಲು, ಮರಳು, ಫಿಲ್ಟರ್ ಸ್ಪಂಜಿಗೆ ಅಂಟಿಕೊಂಡು ಬೆಳೆಯುತ್ತದೆ, ಅದೂ ನಿಧಾನವಾಗಿ. ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು.

ಸಿಹಿನೀರಿನಲ್ಲಿ ಈ ಕಾಯುವಿಕೆ ಇಲ್ಲದೆ ಪಾರಾದವರು ಇಲ್ಲೂ ಹಾಗೇ ನಡೆಯುತ್ತದೆ ಅಂದುಕೊಳ್ಳುತ್ತಾರೆ. ಆದರೆ ಸಮುದ್ರ ನೀರಿನ ಪಿಎಚ್ 8.1ರಿಂದ 8.3ರ ಆಸುಪಾಸಿನಲ್ಲಿರುತ್ತದೆ. ಪಿಎಚ್ ಏರಿದಷ್ಟೂ ಅಮೋನಿಯಾದ ವಿಷಕಾರಿ ಪಾಲು ಹೆಚ್ಚು. ಸಿಹಿನೀರಿನಲ್ಲಿ ಮೀನು ತಡೆದುಕೊಂಡ ಅದೇ ಪ್ರಮಾಣ ಉಪ್ಪುನೀರಿನಲ್ಲಿ ಪ್ರಾಣ ತೆಗೆಯಬಹುದು.

ಎಷ್ಟು ದೊಡ್ಡ ಟ್ಯಾಂಕ್?

ಕಡಿಮೆ ಖರ್ಚು ಅಂತ ಒಂದಡಿ ಟ್ಯಾಂಕ್ ತಂದರೆ ಅದೇ ದುಬಾರಿಯಾಗುತ್ತದೆ. ನೀರು ಕಡಿಮೆ ಇದ್ದಷ್ಟೂ ಉಪ್ಪಿನ ಪ್ರಮಾಣ, ಉಷ್ಣತೆ ಬೇಗ ಏರುಪೇರಾಗುತ್ತದೆ. ಮೊದಲ ಬಾರಿಗೆ 24 ಇಂಚು ಉದ್ದ, 15 ಇಂಚು ಅಗಲ, 15 ಇಂಚು ಎತ್ತರದ ಟ್ಯಾಂಕ್ ಒಳ್ಳೆಯ ಅಳತೆ. ಇದರ ಒಟ್ಟು ಸಾಮರ್ಥ್ಯ ಸುಮಾರು 88 ಲೀಟರ್. ಕಲ್ಲು, ಮರಳು, ಮೇಲಿನ ಖಾಲಿ ಜಾಗ ಕಳೆದರೆ ಉಳಿಯುವ ನೀರು 70 ಲೀಟರ್ ಆಸುಪಾಸು.

ಗಾಜು, ಕಲ್ಲು, ನೀರು ಎಲ್ಲ ಸೇರಿ ಇದರ ತೂಕ ಒಂದು ಕ್ವಿಂಟಲ್ ದಾಟುತ್ತದೆ. ಕೌಂಟರ್ ಮೇಲಿನ ಗಾಜಿನ ಹಲಗೆ, ಪ್ಲೈವುಡ್ ಶೆಲ್ಫ್ ಇದನ್ನು ಹೊರಲಾರದು. ಊರಿನ ಬಡಗಿಯಿಂದ ಗಟ್ಟಿ ಮರದ ಸ್ಟ್ಯಾಂಡ್ ಮಾಡಿಸಿಕೊಳ್ಳುವುದು ಒಳ್ಳೆಯದು. ಕಬ್ಬಿಣದ ಸ್ಟ್ಯಾಂಡ್ ಆದರೆ ಚೆನ್ನಾಗಿ ಬಣ್ಣ ಹೊಡೆಸಬೇಕು, ಉಪ್ಪಿನ ಹನಿ ಬಿದ್ದಲ್ಲೆಲ್ಲ ತುಕ್ಕು ಹಿಡಿಯುತ್ತದೆ. ನೇರ ಬಿಸಿಲು ಬೀಳುವ ಜಾಗ ಬೇಡ.

ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು

ಉಳಿಸಬಹುದಾದ ಕಡೆ:

- ಟ್ಯಾಂಕ್: ಹಳೆಯದು ಸಿಕ್ಕರೆ ಸಾಕು. ಆದರೆ ತುಂಬಾ ನೀರು ತುಂಬಿಸಿ ಎರಡು ದಿನ ಇಟ್ಟು ಸೋರುತ್ತದಾ ನೋಡಬೇಕು. ಹಿಂದೆ ಮೀನಿನ ರೋಗಕ್ಕೆ ತಾಮ್ರದ ಔಷಧಿ ಹಾಕಿದ್ದ ಟ್ಯಾಂಕ್ ಬೇಡ. ಉಳಿದ ತಾಮ್ರ ಮುಂದೆ ಶಂಖದ ಹುಳು, ಸಿಗಡಿಯಂಥ ಜೀವಿಗಳನ್ನು ಕೊಲ್ಲುತ್ತದೆ.
- ಲೈಟ್: ಮೀನು ಮಾತ್ರ ಸಾಕುವವರಿಗೆ ಸಾಮಾನ್ಯ ಎಲ್‌ಇಡಿ ಸಾಕು. ದುಬಾರಿ ಲೈಟ್ ಬೇಕಾಗುವುದು ಹವಳ ಸಾಕುವವರಿಗೆ.
- ಪ್ರೋಟೀನ್ ಸ್ಕಿಮ್ಮರ್: ಎರಡು ಸಣ್ಣ ಮೀನು, ವಾರಕ್ಕೊಮ್ಮೆ ನೀರು ಬದಲಾವಣೆ ಅಂತಿದ್ದರೆ ಮೊದಲಿಗೆ ಇದು ಇಲ್ಲದೆಯೂ ನಡೆಯುತ್ತದೆ.
- ಹೀಟರ್: ಕರಾವಳಿಯಲ್ಲಿ ಹೆಚ್ಚಾಗಿ ಬೇಕಾಗುವುದಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದಂಥ ಘಟ್ಟದ ಮೇಲಿನ ಊರುಗಳಲ್ಲಿ ಚಳಿಗಾಲದ ರಾತ್ರಿಗೆ ಬೇಕು.

ಉಳಿಸಬಾರದ ಕಡೆ:

- ಅಕ್ವೇರಿಯಂ ಉಪ್ಪು.
- ಉಪ್ಪಿನ ಪ್ರಮಾಣ ಅಳೆಯುವ ರಿಫ್ರಾಕ್ಟೋಮೀಟರ್ ಅಥವಾ ಗಾಜಿನ ಹೈಡ್ರೋಮೀಟರ್.
- ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್ ನೋಡುವ ಟೆಸ್ಟ್ ಕಿಟ್. ಇವು ಇಲ್ಲದೆ ಸೈಕ್ಲಿಂಗ್ ಮಾಡುವುದು ಕಣ್ಣು ಕಟ್ಟಿಕೊಂಡು ಗಾಡಿ ಓಡಿಸಿದಂತೆ.
- ಪವರ್‌ಹೆಡ್, ಅಂದರೆ ಟ್ಯಾಂಕಿನೊಳಗೆ ನೀರು ತಿರುಗಿಸುವ ಸಣ್ಣ ಪಂಪ್. ಜೊತೆಗೆ ಸ್ಪಂಜ್ ಇರುವ ಒಂದು ಫಿಲ್ಟರ್.
- ಬ್ಯಾಟರಿಯಲ್ಲಿ ನಡೆಯುವ ಏರ್ ಪಂಪ್.

ಕರೆಂಟ್ ಬಿಲ್ ಬಗ್ಗೆ ಅಂಗಡಿಯವರು ಹೆದರಬೇಕಿಲ್ಲ. ಪಂಪ್ ಮತ್ತು ಫಿಲ್ಟರ್ ಸೇರಿ 14 ವಾಟ್ ದಿನವಿಡೀ, 15 ವಾಟ್ ಲೈಟ್ ಆರು ಗಂಟೆ, 15 ವಾಟ್ ಸಣ್ಣ ಫ್ಯಾನ್ ಹನ್ನೆರಡು ಗಂಟೆ ನಡೆದರೆ ದಿನಕ್ಕೆ ಸುಮಾರು 0.6 ಯೂನಿಟ್. ತಿಂಗಳಿಗೆ 18 ಯೂನಿಟ್ ಅಷ್ಟೇ.

ಅಡುಗೆ ಉಪ್ಪು ಆಗೋಲ್ಲ, ಸಾಣಿಕಟ್ಟಾ ಉಪ್ಪೂ ಆಗೋಲ್ಲ

ಇದು ಎಲ್ಲರೂ ಕೇಳುವ ಪ್ರಶ್ನೆ. ಸಮುದ್ರದ ನೀರು ಒಣಗಿಸಿಯೇ ಉಪ್ಪು ಮಾಡುತ್ತಾರಲ್ಲ, ಕುಮಟಾ ತಾಲೂಕಿನ ಸಾಣಿಕಟ್ಟಾದ ಉಪ್ಪನ್ನೇ ನೀರಿಗೆ ಹಾಕಿದರೆ ಸಮುದ್ರದ ನೀರು ಆಗೋದಿಲ್ವಾ?

ಆಗುವುದಿಲ್ಲ. ಸಮುದ್ರ ನೀರಿನಲ್ಲಿ ಕರಗಿರುವುದರಲ್ಲಿ ಶೇ 85ರಷ್ಟು ಸೋಡಿಯಂ ಮತ್ತು ಕ್ಲೋರೈಡ್. ಉಳಿದದ್ದು ಮೆಗ್ನೀಸಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮುಂತಾದವು. ಆಗರದಲ್ಲಿ ಉಪ್ಪು ಹರಳುಗಟ್ಟುವಾಗ ಮೆಗ್ನೀಸಿಯಂನಂಥವು ಹೆಚ್ಚಾಗಿ ಉಳಿದ ಕಹಿ ನೀರಿನ ಜೊತೆ ಹೊರಗೆ ಹೋಗುತ್ತವೆ. ಊಟಕ್ಕೆ ಅದೇ ಒಳ್ಳೆಯದು, ಮೀನಿಗೆ ಸಾಲದು. ಪ್ಯಾಕೆಟ್ ಅಡುಗೆ ಉಪ್ಪಿಗೆ ಅಯೋಡಿನ್ ಮತ್ತು ಗಂಟು ಕಟ್ಟದಂತೆ ತಡೆಯುವ ಪುಡಿ ಬೇರೆ ಸೇರಿರುತ್ತದೆ. ಆದ್ದರಿಂದ ಅಕ್ವೇರಿಯಂಗೆಂದೇ ಬರುವ ಸಮುದ್ರ ಉಪ್ಪಿನ ಮಿಶ್ರಣವೇ ಬೇಕು. ಲೀಟರಿಗೆ ಸುಮಾರು 36 ಗ್ರಾಂ ಲೆಕ್ಕದಲ್ಲಿ 70 ಲೀಟರಿಗೆ ಎರಡೂವರೆ ಕಿಲೋ ಸಾಕು. ಆಮೇಲೆ ವಾರಕ್ಕೆ 7 ಲೀಟರ್ ಬದಲಿಸಿದರೆ ತಿಂಗಳಿಗೆ ಒಂದು ಕಿಲೋ ಖರ್ಚಾಗುತ್ತದೆ.

ಸಮುದ್ರವೇ ಪಕ್ಕದಲ್ಲಿದ್ದರೆ ನೀರನ್ನು ಅಲ್ಲಿಂದಲೇ ತರಬಹುದಲ್ಲ? ತರಬಹುದು, ಆದರೆ ಎಲ್ಲಿಂದ, ಯಾವಾಗ ಎಂಬುದು ಮುಖ್ಯ. ಮಳೆಗಾಲದಲ್ಲಿ ಕಾಳಿ, ಅಘನಾಶಿನಿ, ಶರಾವತಿ ನದಿಗಳು ತುಂಬಿ ಹರಿದು ದಡದ ನೀರಿನ ಉಪ್ಪಿನಂಶ ತೀರಾ ಕಡಿಮೆಯಾಗುತ್ತದೆ, ಕೆಸರೂ ಬರುತ್ತದೆ. ಬಂದರು, ಅಳಿವೆ, ಚರಂಡಿ ಸೇರುವ ಜಾಗದ ನೀರು ಯಾವ ಕಾಲಕ್ಕೂ ಬೇಡ, ಡೀಸೆಲ್ ಎಣ್ಣೆ ಮತ್ತು ಹೊಲಸು ಸೇರಿರುತ್ತದೆ. ಡಿಸೆಂಬರಿನಿಂದ ಏಪ್ರಿಲ್ ಒಳಗೆ, ನದಿ ಬಾಯಿಯಿಂದ ದೂರದ ಕಲ್ಲು ದಂಡೆಯಲ್ಲಿ, ಭರತದ ಹೊತ್ತಿನಲ್ಲಿ ತುಂಬಿಸಿಕೊಂಡು, ಬಟ್ಟೆಯಲ್ಲಿ ಸೋಸಿ, ಮುಚ್ಚಿದ ಡ್ರಮ್ಮಿನಲ್ಲಿ ಕತ್ತಲಲ್ಲಿ ಒಂದೆರಡು ವಾರ ಇಟ್ಟು, ಅಳೆದು ಬಳಸಬೇಕು. ವರ್ಷವಿಡೀ ಒಂದೇ ಗುಣಮಟ್ಟ ಬೇಕೆಂದರೆ ಉಪ್ಪಿನ ಮಿಶ್ರಣವೇ ಸುಲಭ.

ಮಿಶ್ರಣಕ್ಕೆ ಬಾವಿ ಅಥವಾ ನಲ್ಲಿ ನೀರಿಗಿಂತ ಆರ್‌ಒ ನೀರು ಉತ್ತಮ. ನಲ್ಲಿ ನೀರಲ್ಲಿ ಕ್ಲೋರಿನ್, ಕೆಲವು ಬಾವಿ–ಬೋರ್‌ವೆಲ್ ನೀರಲ್ಲಿ ಕಬ್ಬಿಣ, ನೈಟ್ರೇಟ್ ಇರುತ್ತದೆ. ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನ್ ನೀರು ಬಳಸುವವರು ಟಿಡಿಎಸ್ ಪೆನ್ ಅದ್ದಿ ನೋಡಬೇಕು. ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು. ಮನೆಯ ಆರ್‌ಒದಲ್ಲಿ ರುಚಿಗೆಂದು ಖನಿಜ ಸೇರಿಸುವ ವ್ಯವಸ್ಥೆ ಇದ್ದರೆ ಅದಕ್ಕೂ ಮೊದಲಿನ ಪೈಪಿನಿಂದ ನೀರು ಹಿಡಿಯಬೇಕು.

ಪ್ಲಾಸ್ಟಿಕ್ ಬಕೆಟಿನಲ್ಲಿ ನೀರು ಹಾಕಿ, ಅದಕ್ಕೆ ಉಪ್ಪು ಸುರಿದು, ಪವರ್‌ಹೆಡ್ ಬಿಟ್ಟು ಒಂದು ದಿನ ತಿರುಗಿಸಬೇಕು. ಆಮೇಲೆ ಅಳೆದಾಗ ಸಾಪೇಕ್ಷ ಸಾಂದ್ರತೆ 1.025 ಬರಬೇಕು.

ನೇತ್ರಾಣಿಯ ಹವಳ ಮುಟ್ಟಬೇಡಿ

ಬ್ಯಾಕ್ಟೀರಿಯಾಕ್ಕೆ ಮನೆ ಬೇಕಲ್ಲ, ಅದೇ ಕಲ್ಲು. ಅಂಗಡಿಗಳಲ್ಲಿ ‘ಡ್ರೈ ರಾಕ್’ ಎಂದು ಸಿಗುವ, ಒಳಗೆಲ್ಲ ಸಣ್ಣ ತೂತಿರುವ ಸುಣ್ಣದ ಕಲ್ಲು ಈ ಕೆಲಸಕ್ಕೆ ಸರಿ. ಈ ಟ್ಯಾಂಕಿಗೆ 8 ಕಿಲೋ ಸಾಕು. ಅದೂ ಭಾರ ಅನಿಸಿದರೆ ಅರ್ಧ ಕಲ್ಲು ತಂದು, ಉಳಿದದ್ದಕ್ಕೆ ಫಿಲ್ಟರಿನಲ್ಲಿ ಸಿರಾಮಿಕ್ ರಿಂಗ್ ತುಂಬಬಹುದು. ನಮ್ಮ ಕಡೆಯ ಚಿರೆಕಲ್ಲಿನಲ್ಲಿ ಕಬ್ಬಿಣದ ಅಂಶ ಜಾಸ್ತಿ, ಅದು ಬೇಡ. ಕರಿಕಲ್ಲಿನಲ್ಲಿ ತೂತಿಲ್ಲ, ಬ್ಯಾಕ್ಟೀರಿಯಾಕ್ಕೆ ಜಾಗ ಕಡಿಮೆ.

ಸಮುದ್ರದಿಂದ ಹವಳ ಅಥವಾ ಹವಳದ ಕಲ್ಲು ಕಿತ್ತು ತರುವುದು ಅಪರಾಧ. ಹವಳ ಮತ್ತು ಸಮುದ್ರ ಕುದುರೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಭಟ್ಕಳ ತಾಲೂಕಿನ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ. ಡೈವಿಂಗ್‌ಗೆ ಹೋದವರು ನೆನಪಿಗೆಂದು ಒಂದು ತುಂಡು ತರುವುದೂ ತಪ್ಪೇ. ಯಾರಾದರೂ ‘ಲೈವ್ ರಾಕ್’ ಅಂತ ಮಾರಲು ಬಂದರೆ ಎಲ್ಲಿಯದು ಎಂದು ಕೇಳಿ, ಬಿಲ್ ಇಲ್ಲದಿದ್ದರೆ ಬಿಟ್ಟುಬಿಡುವುದು ಜಾಣತನ. ಮರಳು ಕೂಡ ಬೀಚಿನದ್ದು ಬೇಡ, ಅಂಗಡಿಯ ಸುಣ್ಣದಂಶದ ಮರಳು ಅಥವಾ ಬರೀ ಗಾಜಿನ ತಳವೇ ಇರಲಿ. ಮರಳಿಲ್ಲದೆಯೂ ಟ್ಯಾಂಕ್ ನಡೆಯುತ್ತದೆ.

ಆರು ವಾರದ ಲೆಕ್ಕ

ಮೊದಲ ದಿನ: ಕಲ್ಲು, ಉಪ್ಪುನೀರು, ಪಂಪ್, ಫಿಲ್ಟರ್ ಎಲ್ಲ ಸಿದ್ಧವಾಗಲಿ. ಲೈಟ್ ಆಫ್ ಇರಲಿ, ಇಲ್ಲದಿದ್ದರೆ ಪಾಚಿ ಕಟ್ಟುತ್ತದೆ. ಬ್ಯಾಕ್ಟೀರಿಯಾಕ್ಕೆ ಆಹಾರವಾಗಿ ಅಮೋನಿಯಾ ಕೊಡಬೇಕು. ಅಗ್ಗದ ದಾರಿ ಎಂದರೆ ಮೀನು ಮಾರ್ಕೆಟಿನ ಒಂದು ಹಸಿ ಸಿಗಡಿ. ತೆಳು ಬಟ್ಟೆಯಲ್ಲಿ ಕಟ್ಟಿ ನೀರಿಗೆ ಬಿಟ್ಟರೆ ಕೊಳೆಯುತ್ತಾ ಅಮೋನಿಯಾ ಬಿಡುತ್ತದೆ. ವಾಸನೆ ಬರುತ್ತದೆ, ಹಾಗಾಗಿ ಗಿರಾಕಿ ಬರುವ ಅಂಗಡಿಗೆ ಇದು ಸರಿಹೋಗಲಿಕ್ಕಿಲ್ಲ. ಅಂಥವರು ಲ್ಯಾಬ್ ಗುಣಮಟ್ಟದ ಅಮೋನಿಯಂ ಕ್ಲೋರೈಡ್ ಬಳಸಬಹುದು. 70 ಲೀಟರಿಗೆ ಅರ್ಧ ಗ್ರಾಂಗಿಂತ ತುಸು ಕಡಿಮೆ ಹಾಕಿದರೆ 2 ಪಿಪಿಎಂ ಅಮೋನಿಯಾ ಬರುತ್ತದೆ. ಪಾತ್ರೆಗೆ ಕಲಾಯಿ ಹಾಕುವವರ ನವಸಾಗರವೂ ಇದೇ ವಸ್ತು. ಆದರೆ ಅದರಲ್ಲಿ ಬೇರೆ ಲೋಹದ ಕಲಬೆರಕೆ ಇರಬಹುದು, ಬೇಡ.

ಮೊದಲ, ಎರಡನೇ ವಾರ: ಎರಡು ದಿನಕ್ಕೊಮ್ಮೆ ಟೆಸ್ಟ್ ಮಾಡಿ ಪುಸ್ತಕದಲ್ಲಿ ಬರೆದಿಡಬೇಕು. ಅಮೋನಿಯಾ ಏರಿ ನಿಂತು, ನಿಧಾನವಾಗಿ ಇಳಿಯತೊಡಗುತ್ತದೆ. ನೈಟ್ರೈಟ್ ಕಾಣಿಸಿಕೊಂಡರೆ ಮೊದಲ ಗುಂಪಿನ ಬ್ಯಾಕ್ಟೀರಿಯಾ ಕೆಲಸ ಶುರು ಮಾಡಿದೆ ಎಂದರ್ಥ.

ಮೂರು, ನಾಲ್ಕನೇ ವಾರ: ನೈಟ್ರೈಟ್ ಜೋರಾಗಿ ಏರುತ್ತದೆ, ದಿನಗಟ್ಟಲೆ ಇಳಿಯುವುದೇ ಇಲ್ಲ. ತಾಳ್ಮೆ ತಪ್ಪುವುದು ಇಲ್ಲೇ. ಈ ಹೊತ್ತಲ್ಲಿ ನೈಟ್ರೇಟ್ ಕಿಟ್ ನಂಬಬಾರದು, ನೈಟ್ರೈಟ್ ಇರುವಾಗ ಅದು ಹೆಚ್ಚು ತೋರಿಸುತ್ತದೆ. ಕಲ್ಲಿನ ಮೇಲೆ ಕಂದು ಬಣ್ಣದ ಪುಡಿಯಂಥ ಪಾಚಿ ಬಂದರೂ ಗಾಬರಿ ಬೇಡ, ಹೊಸ ಟ್ಯಾಂಕಿನಲ್ಲಿ ಅದು ಸಾಮಾನ್ಯ.

ಐದು, ಆರನೇ ವಾರ: ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದ ಮೇಲೆ ಕೊನೆಯ ಪರೀಕ್ಷೆ. ಮತ್ತೆ 2 ಪಿಪಿಎಂ ಅಮೋನಿಯಾ ಹಾಕಿ 24 ಗಂಟೆ ಬಿಟ್ಟು ನೋಡಬೇಕು. ಎರಡೂ ಸೊನ್ನೆಯಾಗಿದ್ದರೆ ಟ್ಯಾಂಕ್ ತಯಾರು. ಆಗಿಲ್ಲ ಅಂದ್ರೆ ಇನ್ನೊಂದು ವಾರ. ಸಿಗಡಿ ಹಾಕಿದವರು ಅದರ ಉಳಿಕೆಯನ್ನು ತೆಗೆದು, ಒಂದು ವಾರ ಎರಡೂ ಸೊನ್ನೆಯಲ್ಲೇ ನಿಲ್ಲುತ್ತದಾ ನೋಡಬೇಕು. ಆಮೇಲೆ ಅರ್ಧ ನೀರು ಬದಲಿಸಿದರೆ ಕೂಡಿಬಿದ್ದ ನೈಟ್ರೇಟ್ ಇಳಿಯುತ್ತದೆ.

ಬಾಟಲಿ ಬ್ಯಾಕ್ಟೀರಿಯಾ ಹಾಕಿದರೆ ಈ ಅವಧಿ ಕಡಿಮೆಯಾಗಬಹುದು. ಆದರೆ ಬಿಸಿಲಲ್ಲಿ ತಿಂಗಳುಗಟ್ಟಲೆ ಕೂತ ಬಾಟಲಿಯಲ್ಲಿ ಜೀವ ಉಳಿದಿರುತ್ತದೆ ಎಂಬ ಖಾತ್ರಿಯಿಲ್ಲ. ಬಾಟಲಿ ಹಾಕಿದರೂ ಟೆಸ್ಟ್ ತಪ್ಪಿಸುವಂತಿಲ್ಲ. ಇದಕ್ಕಿಂತ ಒಳ್ಳೆಯದು ಪರಿಚಯದವರ ಆರೋಗ್ಯವಂತ ಉಪ್ಪುನೀರಿನ ಟ್ಯಾಂಕಿನ ಹಳೆ ಸ್ಪಂಜ್ ಅಥವಾ ಒಂದು ಕಲ್ಲು.

‘ಒಂದು ಅಗ್ಗದ ಮೀನು ಬಿಟ್ಟು ಸೈಕಲ್ ಮಾಡಿ’ ಎಂಬ ಹಳೆಯ ಸಲಹೆಯನ್ನು ಈಗಲೂ ಕೊಡುವವರಿದ್ದಾರೆ. ಅದಕ್ಕೆ ಹೆಚ್ಚಾಗಿ ಡ್ಯಾಮ್ಸೆಲ್ ಮೀನು ಬಳಸುತ್ತಾರೆ. ಅದು ವಿಷದಲ್ಲಿ ನರಳುತ್ತದೆ. ಬದುಕುಳಿದರೆ ಟ್ಯಾಂಕೆಲ್ಲ ತನ್ನದು ಎಂದು ಆಮೇಲೆ ಬಂದ ಮೀನುಗಳನ್ನು ಕಚ್ಚಿ ಓಡಿಸುತ್ತದೆ.

ಮೊದಲ ಮೀನು ಯಾವುದು?

ಈ ಟ್ಯಾಂಕಿಗೆ ಒಂದು ಜೋಡಿ ಸಣ್ಣ ಕ್ಲೌನ್ ಫಿಶ್ ಸಾಕು. ಸಮುದ್ರದಲ್ಲಿ ಹಿಡಿದದ್ದಲ್ಲ, ಸಾಕಣೆಯಲ್ಲಿ ಹುಟ್ಟಿದ ಮರಿಯೇ ಬೇಕು ಎಂದು ಕೇಳಿ ತರಬೇಕು. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಭಾರತದಲ್ಲೇ ಕ್ಲೌನ್ ಫಿಶ್ ಮರಿ ಮಾಡಿಸುವ ತಂತ್ರವನ್ನು ರೂಪಿಸಿದೆ. ಸಾಕಣೆಯ ಮರಿ ಟ್ಯಾಂಕಿಗೆ ಹೊಂದಿಕೊಂಡಿರುತ್ತದೆ, ಕಾಳು ಆಹಾರವನ್ನೂ ತಿನ್ನುತ್ತದೆ. ಕ್ಲೌನ್ ಫಿಶ್ ಎಲ್ಲವೂ ಗಂಡಾಗಿಯೇ ಬೆಳೆಯುತ್ತವೆ, ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಹಾಗಾಗಿ ಎರಡು ಮರಿ ತಂದರೆ ತಾವೇ ಜೋಡಿಯಾಗುತ್ತವೆ.

ಮೀನಿನ ಕವರನ್ನು ಟ್ಯಾಂಕಿನಲ್ಲಿ 20 ನಿಮಿಷ ತೇಲಿಬಿಟ್ಟು, ಸ್ವಲ್ಪ ಸ್ವಲ್ಪವೇ ಟ್ಯಾಂಕಿನ ನೀರು ಸೇರಿಸಿ, ಆಮೇಲೆ ಬಲೆಯಲ್ಲಿ ಮೀನನ್ನಷ್ಟೇ ಎತ್ತಿ ಬಿಡಬೇಕು. ಕವರಿನ ನೀರು ಒಳಗೆ ಹೋಗಬಾರದು. ಟ್ಯಾಂಗ್, ಚಿಟ್ಟೆ ಮೀನು, ದೊಡ್ಡ ಏಂಜಲ್ ಈ ಅಳತೆಯ ಟ್ಯಾಂಕಿಗೆ ಬೇಡವೇ ಬೇಡ. ಲಯನ್ ಫಿಶ್ ಮುಳ್ಳಿನಲ್ಲಿ ವಿಷವಿದೆ, ಮಕ್ಕಳಿರುವ ಮನೆಗೆ, ಅಂಗಡಿಗೆ ತರಬಾರದು. ಬಲೆಗೆ ಸಿಕ್ಕ ಚಂದದ ಮರಿಯನ್ನು ತಂದು ಬಿಡುವುದೂ ಸರಿಯಲ್ಲ. ಅದು ಎಷ್ಟು ಬೆಳೆಯುತ್ತದೆ, ಯಾವ ರೋಗ ಹೊತ್ತಿದೆ ಎಂಬುದು ಗೊತ್ತಿರುವುದಿಲ್ಲ.

ಕರೆಂಟ್ ಮತ್ತು ಸೆಕೆ: ನಮ್ಮ ಕಡೆಯ ದೊಡ್ಡ ಪರೀಕ್ಷೆ

ಸಿಹಿನೀರಿಗೆ ಹೋಲಿಸಿದರೆ ಉಪ್ಪುನೀರು ಹಿಡಿದಿಡುವ ಆಮ್ಲಜನಕ ಸುಮಾರು ಐದರಲ್ಲಿ ಒಂದು ಪಾಲು ಕಡಿಮೆ. ನೀರು ಬಿಸಿಯಾದಷ್ಟೂ ಅದು ಇನ್ನೂ ಇಳಿಯುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಗಂಟೆಗಟ್ಟಲೆ ಕರೆಂಟ್ ಹೋಯ್ತು ಅಂದ್ರೆ ಪಂಪ್ ನಿಂತು ಮೀನು ಉಸಿರುಗಟ್ಟುತ್ತದೆ. ಬ್ಯಾಟರಿ ಏರ್ ಪಂಪ್ ಬೇಕು ಅಂದದ್ದು ಇದಕ್ಕೇ. ಇನ್ವರ್ಟರ್ ಇದ್ದವರು ಲೈಟನ್ನು ಬಿಟ್ಟು ಪವರ್‌ಹೆಡ್ ಮಾತ್ರ ಅದಕ್ಕೆ ಕೊಟ್ಟರೆ ಸಾಕು.

ಟ್ಯಾಂಕಿನ ಉಷ್ಣತೆ 24ರಿಂದ 27 ಡಿಗ್ರಿ ಇರಬೇಕು. ಏಪ್ರಿಲ್–ಮೇ ತಿಂಗಳ ಸೆಕೆಯಲ್ಲಿ ಅದು ಸುಲಭವಾಗಿ 30 ದಾಟುತ್ತದೆ. ನೀರಿನ ಮೇಲ್ಮೈಗೆ ಗಾಳಿ ತಾಗುವಂತೆ ಸಣ್ಣ ಫ್ಯಾನ್ ಇಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆದರೆ ನೀರು ಬೇಗ ಆರುತ್ತದೆ. ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಗಾಜಿನ ಮೇಲೆ ಪೆನ್ನಿನಲ್ಲಿ ಗೆರೆ ಹಾಕಿಟ್ಟು, ಇಳಿದಷ್ಟನ್ನು ದಿನವೂ ಉಪ್ಪಿಲ್ಲದ ಆರ್‌ಒ ನೀರಿನಿಂದ ತುಂಬಬೇಕು. ಇಲ್ಲಿ ಉಪ್ಪುನೀರು ಹಾಕಿದರೆ ದಿನದಿಂದ ದಿನಕ್ಕೆ ಉಪ್ಪು ಏರುತ್ತಲೇ ಹೋಗುತ್ತದೆ.

ಉಪ್ಪುನೀರಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ. ವೈರ್ ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಮೇಲೇರುವಂತಿರಬೇಕು, ಆಗ ಹನಿ ಪ್ಲಗ್ಗಿಗೆ ಇಳಿಯುವುದಿಲ್ಲ. ಆ ಲೈನಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಿಸಬೇಕು. ನೀರಿಗೆ ಕೈ ಹಾಕುವ ಮೊದಲು ಸ್ವಿಚ್ ಆಫ್ ಮಾಡಬೇಕು.

ಆಮೇಲಿನ ಕೆಲಸ ಎಷ್ಟು?

ದಿನಕ್ಕೆ ಐದು ನಿಮಿಷ: ಉಷ್ಣತೆ ನೋಡುವುದು, ಆರಿದ ನೀರು ತುಂಬುವುದು, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕುವುದು. ಅಂಗಡಿಯಲ್ಲಾದರೆ ಆಹಾರ ಹಾಕುವ ಕೆಲಸ ಒಬ್ಬರಿಗೇ ಇರಲಿ. ಮಾಲೀಕರು, ಕೆಲಸದವರು, ಗಿರಾಕಿಯ ಮಕ್ಕಳು ಎಲ್ಲರೂ ಒಂದೊಂದು ಚಿಟಿಕೆ ಹಾಕಿದರೆ ಅಮೋನಿಯಾ ಮತ್ತೆ ಏರುತ್ತದೆ.

ವಾರಕ್ಕೆ ಅರ್ಧ ಗಂಟೆ: ಶೇ 10ರಷ್ಟು ನೀರು ಬದಲಾವಣೆ, ಗಾಜು ಒರೆಸುವುದು, ಟೆಸ್ಟ್. ಸ್ಪಂಜನ್ನು ಟ್ಯಾಂಕಿನಿಂದ ತೆಗೆದ ನೀರಲ್ಲೇ ಹಿಂಡಬೇಕು. ನಲ್ಲಿ ಕೆಳಗೆ ಹಿಡಿದು ತೊಳೆದರೆ ಆರು ವಾರ ಕಾದು ಬೆಳೆಸಿದ ಬ್ಯಾಕ್ಟೀರಿಯಾ ಸಾಯುತ್ತದೆ. ತೆಗೆದ ಉಪ್ಪುನೀರನ್ನು ತೋಟಕ್ಕೆ, ಬಾವಿಯ ಬದಿಗೆ ಸುರಿಯಬಾರದು. ಸಾಕಲಾಗದ ಮೀನನ್ನು ಹೊಳೆಗೋ ಸಮುದ್ರಕ್ಕೋ ಬಿಡದೆ ಅಂಗಡಿಗೆ ಅಥವಾ ಸಾಕುವವರಿಗೆ ಕೊಡಬೇಕು.

ಮೀನು ಮಾರುವ ಅಂಗಡಿಯವರಿಗೂ ಇದರಲ್ಲಿ ಒಂದು ಮಾತಿದೆ. ಟ್ಯಾಂಕ್, ಉಪ್ಪು, ಕಿಟ್ ಇವತ್ತು ಕೊಟ್ಟು, ‘ಮೀನು ಒಂದೂವರೆ ತಿಂಗಳ ಮೇಲೆ, ಟೆಸ್ಟ್ ಬರೆದ ಪುಸ್ತಕ ತೋರಿಸಿ ತಗೊಂಡು ಹೋಗಿ’ ಎಂದರೆ ಅವತ್ತಿನ ಒಂದು ವ್ಯಾಪಾರ ಮುಂದೆ ಹೋಗುತ್ತದೆ ನಿಜ. ಆದರೆ ಮೊದಲ ವಾರವೇ ಮೀನು ಸತ್ತವರು ಟ್ಯಾಂಕನ್ನು ಅಟ್ಟಕ್ಕೆ ಹಾಕುತ್ತಾರೆ, ಮತ್ತೆ ಆ ಅಂಗಡಿಗೆ ಬರುವುದಿಲ್ಲ. ಮೀನು ಬದುಕಿದವರು ಪ್ರತಿ ತಿಂಗಳು ಒಂದು ಕಿಲೋ ಉಪ್ಪಿಗೆ ಬಂದೇ ಬರುತ್ತಾರೆ.